ಡೆಲ್ಲರ್ಡನ ನೀಲಿ ಕೈ

ಇದು ನಡೆದದ್ದು ನಡೆದ ಹಾಗೇ ಇದೆ. ನಂಬಿಕೆ ಬಾರದವರು ಕೆಂಟಕಿಯ ನಮ್ಮ ಲಿಕ್ ಫೋರ್ಕ್ ಕಣಿವೆಗೆ ಬಂದು ಆರ್ಲೀನಳ ಬಲಗಿವಿಯನ್ನೇ ವಿಚಾರಿಸಬಹುದು. ಕೇಳುವುದಷ್ಟೇ ಕಿವಿಯ ಕೆಲಸ, ಹೇಳುವುದಲ್ಲ ಎನ್ನುತ್ತೀರಿ. ಆದರೆ ಈ ಕಿವಿಗೆ ಹೇಳಿಕೊಳ್ಳುವುದು ಬೇಕಾದಷ್ಟಿದೆ.

ಹೋದ ವರ್ಷ ಜೂನ್‌ನಲ್ಲಿ ಆರ್ಲೀನಳಿಗೂ ಡೆಲ್ಲರ್ಡನಿಗೂ ಮದುವೆ ಗೊತ್ತಾಗಿತ್ತು. ಇನ್ನೇನು ಮದುವೆ ಬಂತು ಎನ್ನುವಾಗ ಆ ಕಿವಿ ಕೆಂಪಾಯಿತು. ಕಿವಿಯಿಂದ ಕೆನ್ನೆಗೆ, ಕೆನ್ನೆಯಿಂದ ಕಣ್ಣಿಗೆ ಬಾವು ಹಬ್ಬಿ, ನೀರುಗುಳ್ಳೆ ಎದ್ದು, ರೆಪ್ಪೆ ಬಿಡಿಸಲಾಗದಂತೆ ಮುಚ್ಚಿಕೊಂಡಿತು. ಡಾಕ್ಟರು ನೋಡಿದ ಕೂಡಲೇ ಪಾಯ್ಸನ್ ಐವಿ ಎಂದರು. ನಮ್ಮ ಬೇಲಿ, ಮರ, ಗೋರಿಗಳನ್ನೆಲ್ಲ ತಬ್ಬಿಕೊಂಡಿರುವ ಆ ವಿಷಬಳ್ಳಿ. ಹುಡುಗಿ ಇಡೀ ದಿನ ಬಟ್ಟೆ ಅಂಗಡಿಯಲ್ಲಿ ಕೂತಿರುವವಳು, ಕಾಡಿನ ಕಡೆ ಮುಖ ಹಾಕಿದವಳಲ್ಲ. ಬಳ್ಳಿ ಅವಳನ್ನು ಮುಟ್ಟಿದ್ದೆಲ್ಲಿ? ಯಾರಿಗೂ ತಿಳಿಯಲಿಲ್ಲ. ವರನಿಗೆ ಆತುರ, ವಧುವಿಗೆ ತುರಿ. ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು.

ಈ ವರ್ಷ ಮತ್ತೆ ಜೂನ್ ಬಂತು. ಆರ್ಲೀನ್ ಮುಚ್ಚುಮರೆ ಇಲ್ಲದೆ ಹೇಳಿದಳು: "ನೋಡು ಡೆಲ್ಲರ್ಡ್, ಈ ಸಲಾನೂ ಮುಖ ಕುಂಬಳಕಾಯಿ ಆದ್ರೆ ಮೂರನೇ ಸಲ ನಾನು ಬಟ್ಟೆ ಹೊಲಿಸಲ್ಲ. ದೇವರಿಗೇ ಇಷ್ಟ ಇಲ್ಲ ಅಂತ ನಮ್ಮಮ್ಮ ಆಗಲೇ ಶುರು ಮಾಡಿದಾಳೆ. ನನಗೂ ಹಂಗೇ ಅನ್ನಿಸೋಕೆ ಹತ್ತಿದೆ."

ಡೆಲ್ಲರ್ಡ್ ನಕ್ಕುಬಿಟ್ಟ. "ಅದು ಗಾಳೀಲಿ ಬಂದಿದ್ದು ಕಣೆ."

"ಗಾಳಿಗೆ ಕೈ ಇಲ್ಲ ಕಣೋ," ಎಂದರು ಪಕ್ಕದಲ್ಲಿದ್ದ ಓಪಲ್ ಚಿಕ್ಕಮ್ಮ. ಅವರು ನರ್ಸ್ ಆಗಿ ಮುದುಕಿಯಾದವರು. ಕಣಿವೆಯ ಅರ್ಧ ಮಂದಿಯ ತುರಿಕೆಗೆ ತಣ್ಣೀರು ಪಟ್ಟಿ, ಓಟ್ಸ್ ಹಿಟ್ಟಿನ ಸ್ನಾನ, ಗುಲಾಬಿ ಬಣ್ಣದ ಲೋಶನ್ ಎಂದು ಮಾಡಿದ್ದು ಅವರೇ. "ನಿನಗೆ ಕೈ ಇದೆ. ಅದರಲ್ಲಿ ಬಳ್ಳಿ ಎಣ್ಣೆ ಇದೆ. ಊರವರ ಬೇಲಿ ಬಳ್ಳಿ ಕಿತ್ತು ಬಂದಮೇಲೆ ಸೋಪು ಹಾಕಿ ಉಜ್ಜಿ ತೊಳೀತೀಯಾ?"

"ನನಗ್ಯಾಕೆ ಚಿಕ್ಕಮ್ಮ? ಪ್ರತಿ ವಸಂತಕ್ಕೆ ನಮ್ಮ ತಾತ ಜೋಳದ ರೊಟ್ಟೀಲಿಟ್ಟು ಒಂದೊಂದು ಎಲೆ ತಿನ್ನಿಸಿದಾರೆ. ಆ ಬಳ್ಳಿ ನನ್ನ ಕಂಡ್ರೆ ಟೋಪಿ ತೆಗೀತದೆ!"

"ನಿಮ್ಮ ತಾತನ ಅದೃಷ್ಟ, ನಿನ್ನ ಅದೃಷ್ಟ. ಎಲೆ ತಿಂದು ಗಂಟಲು ಬಾತು ಉಸಿರಿಗೆ ಒದ್ದಾಡಿದವರನ್ನ ನಾನು ಕಂಡಿದೀನಿ. ಇವತ್ತು ನಿನಗೆ ಏನೂ ಆಗಲ್ಲ, ನಾಳೆ ಆಗಬಹುದು. ಆರ್ಲೀನಳಿಗಂತೂ ಇವತ್ತೇ ಆಗುತ್ತೆ."

ಡೆಲ್ಲರ್ಡ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಟುಹೋದ. ಅವನ ಪಾಲಿಗೆ ಅದೇ ಸ್ನಾನ.

ಚಿಕ್ಕಮ್ಮ ನನ್ನತ್ತ ತಿರುಗಿದರು. "ಇವನಿಗೆ ಹೇಳಿದ್ರೆ ತಲೆಗೆ ಹೋಗಲ್ಲ, ಕಣ್ಣಿಗೇ ಕಾಣಿಸಬೇಕು. ನಿನ್ನ ಬಡಗಿ ಪೆಟ್ಟಿಗೇಲಿ ಗೆರೆ ಹೊಡೆಯೋ ನೀಲಿ ಪುಡಿ ಇದೆಯಲ್ಲ, ಒಂದು ಡಬ್ಬಿ ತಾ."

ಮದುವೆಗೆ ಮುಂಚಿನ ಶನಿವಾರ ಗುಡ್ಡದ ಮೇಲಿನ ಚರ್ಚಿನ ಸ್ಮಶಾನ ಹಸನು ಮಾಡುವ ದಿನ. ಊರಿನವರೆಲ್ಲ ತಮ್ಮ ತಮ್ಮ ಹಿರಿಯರ ಗೋರಿ ಕೆರೆದು, ಹೂವಿಟ್ಟು, ಮರದಡಿ ಹಲಗೆ ಹಾಸಿ ಒಟ್ಟಿಗೆ ಊಟ ಮಾಡುತ್ತಾರೆ. ಬಳ್ಳಿ ದಟ್ಟವಾಗಿದ್ದ ಹಳೇ ಗೋರಿಗಳ ಕಡೆಗೆ ಚಿಕ್ಕಮ್ಮ ಉದ್ದ ತೋಳಿನ ಅಂಗಿ, ದಪ್ಪ ಕೈಗವಸು ತೊಟ್ಟವರನ್ನು ಮಾತ್ರ ಬಿಟ್ಟರು. ಪಾದ್ರಿ ಸ್ಟಂಬೋ ಕಿತ್ತ ಬಳ್ಳಿಗೆ ಬೆಂಕಿ ಹಚ್ಚಲು ಹೊರಟಾಗ ಅವರ ಕೈಯಿಂದ ಕಡ್ಡಿಪೆಟ್ಟಿಗೆಯನ್ನೇ ಕಿತ್ತುಕೊಂಡರು. "ಪಾದ್ರಿಗಳೇ, ಆ ಹೊಗೆ ಎದೆಗಿಳಿದ್ರೆ ನಾಳೆ ಇಲ್ಲೇ ಇನ್ನೊಂದು ಗುಂಡಿ ತೋಡಬೇಕಾಗುತ್ತೆ."

ಡೆಲ್ಲರ್ಡನಿಗೆ ನಾನೂ ಚಿಕ್ಕಮ್ಮನೂ ಬೇರೆ ಜಾಗ ಗೊತ್ತುಮಾಡಿದ್ದೆವು. ಪಾದ್ರಿಯ ಮೂಗುಸ್ವರ ನನ್ನ ಗಂಟಲಿಗೆ ಚೆನ್ನಾಗಿ ಕೂರುತ್ತದೆ. ದೇವದಾರು ಮರದ ಹಿಂದೆ ನಿಂತು ರಾಗ ಎಳೆದೆ: "ಸಹೋದರ ಡೆಲ್ಲಾ-ರ್ಡ್! ಪಡುವಣ ಬೇಲಿಯ ತುಂಬ ಆ ಪಾಪಿಷ್ಠ ಬಳ್ಳಿ-ಯೂ! ನಿನ್ನ ಹೊರತು ಗಂಡಸಿಲ್ಲ-ವೂ!"

"ಬಂದೆ ಪಾದ್ರಿಗಳೇ!" ಎಂದು ಅವನು ಎದೆಯುಬ್ಬಿಸಿಕೊಂಡು ಓಡಿದ. ಅಲ್ಲಿ ಬೆಳೆದದ್ದು ಮೇಪಲ್ ಜಾತಿಯ ಪಾಪದ ಸಸಿಗಳು. ಮೂರು ಮೂರು ಎಲೆ ನೋಡಿದರೆ ಥೇಟ್ ವಿಷಬಳ್ಳಿಯೇ. ಆದರೆ ಸಸಿಯಲ್ಲಿ ಗೊಂಚಲುಗಳು ಎದುರುಬದುರು ಜೋಡಿಯಾಗಿ ಹೊರಡುತ್ತವೆ, ಬಳ್ಳಿಯಲ್ಲಿ ಆಚೆಗೊಂದು ಈಚೆಗೊಂದು. ಬಳ್ಳಿಗೆ ಹೆದರುವ ನಮಗೆಲ್ಲ ಇದು ಚಿಕ್ಕಂದಿನಿಂದ ಗೊತ್ತು. ಹೆದರಿಕೆಯೇ ಇಲ್ಲದ ಡೆಲ್ಲರ್ಡ್ ನೋಡಿ ಕಲಿತದ್ದು ಯಾವಾಗ?

ಅವನ ಗುದ್ದಲಿಯ ಕಾವಿಗೆ ನೀಲಿ ಪುಡಿ ಮೆತ್ತಿತ್ತು. "ಯಾವ ಕತ್ತೆ ಇದಕ್ಕೆ ಬಣ್ಣ ಬಳಿದಿದ್ದು?" ಎಂದು ಬೈದ, ಪ್ಯಾಂಟಿಗೆ ಒರೆಸಿದ, ಮತ್ತೆ ಅಗೆದ. ನಡುವೆ ನೀರು ಕುಡಿದ, ನಾಯಿಯ ತಲೆ ಸವರಿದ, ಬೇಲಿಯಾಚೆ ಹೋಗಿಬಂದ. ಊಟದ ಕರೆ ಬಿದ್ದಾಗ ಪಾದ್ರಿಯ ಕೈ ಕುಲುಕಿ ನೇರ ಆರ್ಲೀನಳ ಪಕ್ಕದಲ್ಲಿ ಹೋಗಿ ಕೂತ.

ಕರಿದ ಕೋಳಿ, ಬೇಯಿಸಿದ ಹುರುಳಿಕಾಯಿ, ಬಾಳೆಹಣ್ಣಿನ ಪುಡ್ಡಿಂಗ್ ಸುತ್ತು ಬರುತ್ತಿದ್ದವು. ಚಿಕ್ಕಮ್ಮ ಎದ್ದು ನಿಂತು ತಟ್ಟೆಗೆ ಚಮಚ ಬಡಿದರು.

"ಎಲ್ಲರೂ ಕೈಲಿರೋದನ್ನ ಕೆಳಗಿಡಿ. ನೀಲಿ ಎಲ್ಲೆಲ್ಲಿದೆ ನೋಡಿ. ಅದು ಬಳ್ಳಿ ಎಣ್ಣೆ ಅಂದ್ಕೊಳ್ಳಿ. ಎಣ್ಣೆ ಕಣ್ಣಿಗೆ ಕಾಣಲ್ಲ, ಅದಕ್ಕೇ ಬಣ್ಣ ಹಾಕಿದೀನಿ."

ಮೊದಲು ಸಿಕ್ಕಿದ್ದು ಚಹಾ ಜಗ್ಗಿನ ಹಿಡಿ. ಆಮೇಲೆ ಪಾದ್ರಿಯ ಅಂಗೈ, ಅಲ್ಲಿಂದ ಅವರ ಬೈಬಲ್ಲಿನ ಅಂಚು. ನಾಯಿಗೆ ನೀಲಿ ಹುಬ್ಬು ಬಂದಿತ್ತು. ಅದನ್ನು ಮುದ್ದಿಸಿದ ಮಕ್ಕಳಿಗೆಲ್ಲ ನೀಲಿ ಮೂಗು. ಜನ ಬಿದ್ದು ಬಿದ್ದು ನಗುತ್ತಿದ್ದರು. ಅಷ್ಟರಲ್ಲಿ ಆರ್ಲೀನಳ ತಾಯಿ ಚೀರಿದಳು: "ಅಯ್ಯೋ, ಇವಳ ಕಿವಿ!"

ಬಲಗಿವಿ. ಅದರಿಂದ ಕೆನ್ನೆಗೆ ಎಳೆದ ಒಂದು ಬೆರಳಿನ ನೀಲಿ ಗೆರೆ. ಹೋದ ವರ್ಷ ಬಾವು ಎದ್ದಿದ್ದ ದಾರಿಯೇ ಅದು. ನಗು ನಿಂತಿತು.

ಡೆಲ್ಲರ್ಡನಿಗೆ ಪ್ರೀತಿ ಉಕ್ಕಿದಾಗಲೆಲ್ಲ ಅವಳ ಕಿವಿ ಹಿಂಡುವ ಚಾಳಿ.

"ನೀನಾ?" ಎಂದಳು ಆರ್ಲೀನ್. "ಒಂದು ವರ್ಷ ನಾನು ದೇವರನ್ನ ಬೈದೆ, ಗಾಳೀನ ಬೈದೆ. ಕಿವಿ ಹಿಂಡಿ ಹಿಂಡಿ ಮದುವೆ ನಿಲ್ಲಿಸಿದ್ದು ನೀನಾ?"

ಡೆಲ್ಲರ್ಡ್ ತನ್ನ ಅಂಗೈಗಳನ್ನು ಮೊದಲ ಸಲ ನೋಡುವವನಂತೆ ನೋಡಿದ. ಮುಖ ಬಿಳಿಚಿತ್ತು. "ಚಿಕ್ಕಮ್ಮ... ಇವತ್ತೂ ಮುಟ್ಟಿಬಿಟ್ಟೆ. ಮುಂದಿನ ಶನಿವಾರ..."

"ಇವತ್ತು ನೀನು ಕಿತ್ತಿದ್ದು ಮೇಪಲ್ ಸಸಿ ಕಣೋ ಪೆದ್ದ. ಅವಳಿಗೆ ಹತ್ತಿರೋದು ಬರೀ ಬಡಗಿ ಪುಡಿ. ಮದುವೆ ನಿಲ್ಲಲ್ಲ, ನಾನು ಇರೋವಾಗ ಹೆಂಗೆ ನಿಲ್ಲುತ್ತೆ?" ಚಿಕ್ಕಮ್ಮ ಪಾತ್ರೆ ತೊಳೆಯುವ ಸೋಪು, ಒಂದು ಒರಟು ಬಟ್ಟೆ ಅವನ ಕೈಗಿತ್ತರು. "ಹೋಗು. ತಣ್ಣೀರಲ್ಲಿ ಉಜ್ಜಿ ಉಜ್ಜಿ ತೊಳಿ. ಗಾಡಿ ಗ್ರೀಸ್ ತೆಗೆಯೋ ಹಾಗೆ. ಉಗುರು ಸಂದಿ, ಮೊಣಕೈ, ಗುದ್ದಲಿ ಕಾವು, ಬೂಟಿನ ದಾರ, ಎಲ್ಲಾ. ಕೆಲಸ ಮುಗಿದ ತಕ್ಷಣ, ಮುಖ ಮುಟ್ಟೋ ಮುಂಚೆ. ಇನ್ಮೇಲೆ ಪ್ರತಿ ಸಲ."

"ಪ್ರತಿ ಸಲ," ಎಂದ ಡೆಲ್ಲರ್ಡ್, ಆರ್ಲೀನಳತ್ತ ನೋಡುತ್ತ. ಅವಳು ಆಗಲಿ ಎಂಬಂತೆ ತಲೆ ಆಡಿಸಿದಳೇ ಹೊರತು ನಗಲಿಲ್ಲ.

ಅವನು ಚರ್ಚಿನ ಹಿಂದಿನ ಬಚ್ಚಲಿಗೆ ಹೋದ. ನೀರಿನ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ಸದ್ದಿಲ್ಲ. ಆಮೇಲೆ ಒಳಗಿನಿಂದ ಒಂದು ಕೂಗು: "ಅಯ್ಯಪ್ಪಾ! ಇಲ್ಲೂನಾ?"

"ಎಲ್ಲೋ?" ಎಂದು ಪಾದ್ರಿ ಕೂಗಿ ಕೇಳಿದರು.

"ಬೇಲಿಯಾಚೆ ಹೋಗಿದ್ನಲ್ಲ ಪಾದ್ರಿಗಳೇ! ನಿಮಗೆ ತೋರಿಸೋಂಥ ಜಾಗ ಅಲ್ಲ!"

ಮೊದಲು ನಕ್ಕವಳು ಆರ್ಲೀನ್. ಹೊಟ್ಟೆ ಹಿಡಿದುಕೊಂಡು ತನ್ನ ತಾಯಿಯ ಮೇಲೆ ಒರಗಿಬಿಟ್ಟಳು. ಪಾದ್ರಿ ಗೋರಿಕಲ್ಲೊಂದಕ್ಕೆ ಆತುಕೊಂಡು ನಕ್ಕರು. ಆದರೆ ಬಚ್ಚಲಿನ ತಗಡಿನ ಗೋಡೆ ಗಡಗಡ ಅದುರುವಂತೆ, ನಮ್ಮೆಲ್ಲರ ನಗುವನ್ನೂ ಮುಳುಗಿಸುವಂತೆ, ಒಳಗೆ ಡೆಲ್ಲರ್ಡ್ ಒಬ್ಬನೇ ನಗುತ್ತಿದ್ದ. ನಡುನಡುವೆ ಉಜ್ಜುವ ಸದ್ದೂ ಕೇಳುತ್ತಿತ್ತು.