ನೀಲಗಿರಿ ಎಣ್ಣೆಯ ಬಾಣಂತನ

ತಮ್ಮನ ಹೆಂಡತಿ ಲಾವಣ್ಯಳ ಬಾಣಂತನಕ್ಕೆಂದು ಗಾರ್ಮೆಂಟ್ಸಿನಲ್ಲಿ ರಜೆ ಹಾಕಿ ಮದಲೂರಿನ ಹತ್ತಿರದ ನಮ್ಮ ಹಟ್ಟಿಗೆ ಬಂದವಳು ನಾನು. ದಿನವೆಲ್ಲ ಮಿಷನ್ ತುಳಿದ ಕಾಲಿಗೆ ಸ್ವಲ್ಪ ಆರಾಮ ಸಿಗುತ್ತದೆ ಅಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಬಂದ ದಿನದಿಂದ ಒಲೆಯ ಮುಂದಿನಿಂದ ಎದ್ದಿದ್ದರೆ ಕೇಳಿ.

ಲಾವಣ್ಯಳಿಗೆ ತಾಯಿಯಿಲ್ಲ, ತವರಿನಲ್ಲಿ ನೋಡಿಕೊಳ್ಳುವವರೂ ಇಲ್ಲ. ಹಾಗಾಗಿ ಬಾಣಂತನ ನಮ್ಮವ್ವ ಕ್ಯಾತಮ್ಮನ ಪಾಲಿಗೆ ಬಂದಿತ್ತು. ಹೆರಿಗೆಯ ಹೊತ್ತಿಗೆ ಸರಿಯಾಗಿ ಅವ್ವನಿಗೆ ಕೆಮ್ಮು ಹಿಡಿಯಿತು. ಕೂಸಿಗೆ ತಗುಲಬಾರದೆಂದು ಅವಳು ತಾನಾಗಿಯೇ ಹಾಸಿಗೆ ಸುತ್ತಿಕೊಂಡು, ಕುರಿಗಳ ರೊಪ್ಪದ ಪಕ್ಕದ ಚಪ್ಪರಕ್ಕೆ ಹೋದಳು. ನನಗೆ ಫೋನು ಬಂತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಹೇಳಿಕೊಡಲು ತಾಯಿಯಿಲ್ಲದ ಹುಡುಗಿ ಮೊಬೈಲನ್ನೇ ತಾಯಿ ಮಾಡಿಕೊಂಡಳು. ನೀಲಗಿರಿ ಎಣ್ಣೆ, ಲವಂಗದ ಎಣ್ಣೆ, ಮಜ್ಜಿಗೆಹುಲ್ಲಿನ ಎಣ್ಣೆ ಇರುವ ಮನೆಗೆ ರೋಗಾಣು ಕಾಲಿಡುವುದಿಲ್ಲ ಎಂದು ಅದರಲ್ಲಿ ಯಾರೋ ಹೇಳಿದರಂತೆ. ನನ್ನ ತಮ್ಮ ಅಂಜಿನಮೂರ್ತಿ ಹೆಂಡತಿಯ ಮಾತಿಗೆ ಇಲ್ಲ ಅಂದವನಲ್ಲ, ಶಿರಾಕ್ಕೆ ಹೋಗಿ ಸೀಸೆಗಳನ್ನು ತಂದ. ನೆಲ ಒರೆಸುವ ನೀರಿಗೆ ಎಣ್ಣೆ, ಬಾಗಿಲ ಚಿಲಕಕ್ಕೆ ಎಣ್ಣೆ, ಬಟ್ಟೆಯ ಪೆಟ್ಟಿಗೆಯಲ್ಲಿ ಎಣ್ಣೆಗೆ ಅದ್ದಿದ ಹತ್ತಿ. ಕೂಸಿನ ಮೈಗೆ ಮಾತ್ರ ಸೋಕಿಸಬೇಡಿ ಎಂದು ಆಶಾ ಕಾರ್ಯಕರ್ತೆ ಸುನಿತಾ ಹೇಳಿ ಹೋಗಿದ್ದಳು. ಆ ಮಾತನ್ನು ಲಾವಣ್ಯ ಚಾಚೂ ತಪ್ಪದೆ ಪಾಲಿಸಿದಳು. ಕೂಸಿಗೆ ಹಚ್ಚಲಿಲ್ಲ, ತನಗೆ ಹಚ್ಚಿಕೊಂಡಳು. ಕೊರಳಿಗೆ, ಕೈಗೆ, ಸೆರಗಿಗೆ, ರವಿಕೆಗೆ. ನನಗಂತೂ ಮುದ್ದೆ ಮುರಿದು ಬಾಯಿಗಿಟ್ಟರೂ ನೀಲಗಿರಿಯದೇ ರುಚಿ.

ಆಮೇಲೆ ಕೂಸು ಮೊಲೆ ಬಿಟ್ಟಿತು. ಎದೆಯ ಹತ್ತಿರ ಒಯ್ದರೆ ಸಾಕು, ಮುಖ ಆ ಕಡೆ ತಿರುಗಿಸಿ ಕಿರುಚುತ್ತಿತ್ತು. ಹಸಿವಿಲ್ಲ ಅನ್ನುವ ಹಾಗೂ ಇಲ್ಲ, ನಾನು ಎತ್ತಿಕೊಂಡರೆ ನನ್ನ ಬೆರಳನ್ನೇ ಚೀಪುತ್ತಿತ್ತು. ಶಿರಾದ ಡಾಕ್ಟರು ಗಂಟಲು, ಕಿವಿ, ಹೊಟ್ಟೆ ಎಲ್ಲ ನೋಡಿದರು. ಕಾಯಿಲೆ ಏನೂ ಕಾಣುತ್ತಿಲ್ಲ, ಸದ್ಯಕ್ಕೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿ, ನಾಳೆಗೂ ಹೀಗೇ ಇದ್ದರೆ ಅಡ್ಮಿಟ್ ಮಾಡೋಣ ಅಂದರು. ಒಳಲೆಯ ಹಾಲು ಅರ್ಧ ಹೊಟ್ಟೆಗೆ ಹೋದರೆ ಅರ್ಧ ಕತ್ತಿಗೆ ಇಳಿಯುತ್ತಿತ್ತು. ಲಾವಣ್ಯಳ ಎದೆ ಕಲ್ಲಾಗಿತ್ತು. ಬಿಸಿನೀರಿನ ಬಟ್ಟೆ ಹಿಂಡಿ ಹಿಂಡಿ ನನ್ನ ಅಂಗೈ ಉರಿಯುತ್ತಿತ್ತು. ರೋಗಾಣು ಹೇಗೋ ಒಳಗೆ ಬಂದಿದೆ ಎಂದು ಅವಳು ಇನ್ನಷ್ಟು ಎಣ್ಣೆ ಹಚ್ಚಿಕೊಂಡಳು. ಬೈಯಬೇಕು ಅನ್ನಿಸಿತು. ಬೈಯಲು ನನಗೆ ಉಸಿರಿರಲಿಲ್ಲ.

ಆಗತಾನೆ ಹುಟ್ಟಿದ ಕುರಿಮರಿಗಳನ್ನು ನಮ್ಮಲ್ಲಿ ಮೇಯಲು ಕಳಿಸುವುದಿಲ್ಲ. ಹಗಲೆಲ್ಲ ದೊಡ್ಡ ಬಿದಿರಿನ ಮಂಕರಿ ಕವುಚಿ ಅದರಡಿ ಬಿಟ್ಟಿರುತ್ತೇವೆ. ಮಾರನೆಯ ದಿನ ಅದರೊಳಗಿದ್ದ ಎರಡು ಮರಿಗಳಲ್ಲಿ ಒಂದು ಸೀನಿತು. ಸಿಕ್ಕಿತಲ್ಲ ಕಳ್ಳ ಅನ್ನುವ ಹಾಗೆ ಲಾವಣ್ಯ ಎದ್ದಳು. ಅವ್ವ ಸೊಪ್ಪಿಗೆ ಹೋಗಿದ್ದಳು, ನಾನು ಗೋಡೆಗೊರಗಿ ಕೂತಲ್ಲೇ ತೂಕಡಿಸುತ್ತಿದ್ದೆ. ಕಣ್ಣು ಬಿಟ್ಟಾಗ ಎರಡೂ ಮರಿಗಳ ಮೈಯನ್ನು ಎಣ್ಣೆಬಟ್ಟೆಯಿಂದ ಒರೆಸಿ, ಕೈ ತೊಳೆದುಕೊಳ್ಳುತ್ತಿದ್ದಳು. ಪಾಪ, ನಿಲ್ಲಲೂ ಆಗದ ಬಾಣಂತಿ.

ಸಂಜೆ ತಮ್ಮ ಕೆರೆಯಂಗಳದಿಂದ ಮಂದೆ ಹೊಡೆದುಕೊಂಡು ಬಂದ. ಅವ್ವ ಮಂಕರಿ ಎತ್ತಿದಳು. ದಿನವೂ ಆ ಹೊತ್ತಿಗೆ ಕೂಗಾಟವೋ ಕೂಗಾಟ. ಅಷ್ಟು ಕುರಿಗಳ ನಡುವೆಯೂ ತಾಯಿ ತನ್ನ ಮರಿಯನ್ನು ಮೂಸಿ ಹಿಡಿಯುತ್ತದೆ. ನನಗೆ ಆ ಮನೆಯಲ್ಲಿ ಇಷ್ಟವಾಗುವ ಹೊತ್ತು ಅದೊಂದೇ. ಅವತ್ತು ಮರಿಗಳು ಓಡಿಹೋಗಿ ಕೆಚ್ಚಲಿಗೆ ಬಾಯಿ ಹಾಕಿದವು. ತಾಯಿ ಮೂಸಿತು, ಹಿಂದೆ ಸರಿಯಿತು, ತಲೆ ತಗ್ಗಿಸಿ ಗುದ್ದಿತು. ಮರಿ ಉರುಳಿ ಬಿದ್ದು ಎದ್ದು ಮತ್ತೆ ಹೋಯಿತು. ಮತ್ತೆ ಗುದ್ದಿತು. ಇನ್ನೊಂದು ಕುರಿಯದೂ ಅದೇ ಕಥೆ.

ಅವ್ವ ಮರಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು.

“ಯಾರಮ್ಮ ಇದುಕ್ಕೆ ಎಣ್ಣೆ ಬಳ್ದೋರು? ಕುರಿಗೆ ಮೂಗೇ ಕಣ್ಣು ಕಣಮ್ಮ. ಮರಿ ವಾಸ್ನೆ ಅಳಿಸಾಕ್ಬುಟ್ರೆ ತನ್ನದು ಅಂತ ಅದುಕ್ಕೆ ಹೆಂಗೆ ಗೊತ್ತಾಯ್ತದೆ?”

ಕೂಗಿ ಹೇಳಲಿಲ್ಲ, ಕೆಮ್ಮುತ್ತಲೇ ಹೇಳಿದಳು. ಬಾಗಿಲಲ್ಲಿ ಲಾವಣ್ಯ ಅಳುವ ಕೂಸನ್ನು ಹಿಡಿದುಕೊಂಡು ನಿಂತಿದ್ದಳು. ಮಣ್ಣಲ್ಲಿ ಬಿದ್ದ ಮರಿಯನ್ನು ನೋಡಿದಳು. ತನ್ನ ಸೆರಗಿನ ತುದಿಯನ್ನು ಎತ್ತಿ ಮೂಗಿಗೆ ಹಿಡಿದಳು. ಆಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟು, ಒಂದು ಹಂಡೆ ನೀರು ಕಾಯಿಸಬೇಕಿತ್ತಲ್ಲ ಎಂದು ತಗ್ಗಿದ ದನಿಯಲ್ಲಿ ಕೇಳಿದಳು.

ಮತ್ತೆ ಒಲೆ. ಕಡಲೆಹಿಟ್ಟು ಹಾಕಿ ಅವಳ ಮೈ ಉಜ್ಜಿ ಉಜ್ಜಿ ತೊಳೆದೆ. ಉಡಲು ಬಟ್ಟೆ ತೆಗೆದರೆ ಪೆಟ್ಟಿಗೆಯ ಒಂದೊಂದು ಸೀರೆಯೂ ನೀಲಗಿರಿ ಮರ. ಆ ವಾಸನೆ ಹತ್ತದೆ ಉಳಿದದ್ದು ಬೇಲಿಯ ಮೇಲೆ ಒಣಗಿದ್ದ ಅವ್ವನ ಹಳೆಯ ನೂಲಿನ ಸೀರೆ ಒಂದೇ. ಅದನ್ನೇ ಸುತ್ತಿಕೊಂಡು, ಒಳಗಿನ ಗಾಳಿ ಬೇಡವೆಂದು ಜಗಲಿಯ ಮೇಲೆ ಕೂತಳು. ಕೂಸನ್ನು ಅವಳ ಮಡಿಲಿಗೆ ಹಾಕಿದೆ. ಕೂಸು ಮುಖ ತಿರುಗಿಸಿತು. ಮೂಗನ್ನು ಎದೆಗೆ ಒತ್ತಿ ಸ್ವಲ್ಪ ಹುಡುಕಿತು. ಆಮೇಲೆ ಬಾಯಿ ಹಾಕಿತು. ಗುಟುಕು ಇಳಿಯುವ ಸದ್ದು ನನಗೂ ಕೇಳಿಸಿತು.

ಲಾವಣ್ಯ ಅತ್ತಳು. “ನಾನು ಅಂತ ಅದುಕ್ಕೆ ಗೊತ್ತೇ ಆಗಿಲ್ಲ ಅಕ್ಕ. ಅಮ್ಮ ಎಲ್ಲೋದ್ಲು ಅಂತ ಅಳ್ತಿತ್ತು.”

ತಾಯಿಯಿಲ್ಲದ ಹುಡುಗಿಯ ಬಾಯಲ್ಲಿ ಆ ಮಾತು ಕೇಳಿ ನನಗೂ ತಡೆಯಲಾಗಲಿಲ್ಲ. ಅವಳು ಅವ್ವನನ್ನು ಹತ್ತಿರ ಬಂದು ಕೂರಲು ಕರೆದಳು. ಅವ್ವ ಬಾಯಿಗೆ ಸೆರಗು ಮುಚ್ಚಿಕೊಂಡು ಚಪ್ಪರದಲ್ಲೇ ಉಳಿದಳು.

“ಕೆಮ್ಮು ಇನ್ನೂ ಅದೆ, ಬ್ಯಾಡ. ಇಲ್ಲಿಂದ್ಲೇ ಕಾಣ್ತದೆ ಬುಡು, ಕುಡೀಲಿ.”

ಮರಿಗಳ ಮೈ ತೊಳೆದು, ತಾಯಿಯದೇ ಹಾಲು ಹಿಂಡಿ ಉಪ್ಪಿನ ಜೊತೆ ಅವುಗಳ ಬೆನ್ನಿಗೆ ಸವರಿದೆವು. ಒಂದು ಕುರಿ ನೆಕ್ಕಿ ನೋಡಿ ಒಪ್ಪಿತು. ಇನ್ನೊಂದು ಹಟಮಾರಿ. ಅದರ ಕತ್ತನ್ನು ನನ್ನ ಮೊಣಕಾಲ ನಡುವೆ ಒತ್ತಿಹಿಡಿದರೆ ಮಾತ್ರ ಮರಿಗೆ ಹಾಲು. ಜಗಲಿಯ ಮೇಲೆ ಲಾವಣ್ಯ ಕೂತಲ್ಲೇ ನಿದ್ದೆ ಹೋಗಿದ್ದಳು, ಕೂಸು ಇನ್ನೂ ಕುಡಿಯುತ್ತಿತ್ತು. ನನ್ನ ತೊಡೆ ಸೆಟೆದುಕೊಂಡಿತ್ತು. ಆದರೂ ನಾನು ಕುರಿಯನ್ನು ಬಿಡಲಿಲ್ಲ.