ಮೈಮೇಲಿನ ಬೆಲೆ

ನನ್ನ ತಂಗಿ ಹಸ್ನಾಳ ಗಂಡ ಮೊತಾಲೆಬ್ ಅಂಗಡಿಗೆ ಹೋದರೆ ಮೊದಲು ಸಾಮಾನನ್ನು ತಿರುಗಿಸಿ ಅದರ ಬೆನ್ನು ನೋಡುತ್ತಿದ್ದ. ಸೋಪಾಗಲಿ, ಬಿಸ್ಕತ್ತಾಗಲಿ, ಸೊಳ್ಳೆಬತ್ತಿಯಾಗಲಿ, ಅಚ್ಚಾದ ಬೆಲೆ ಓದಿ ಅಷ್ಟನ್ನೇ ಕೊಟ್ಟು ಸುಮ್ಮನೆ ನಿಲ್ಲುತ್ತಿದ್ದ. ನಮ್ಮ ನಾರಾಯಣಗಂಜಿನಲ್ಲಿ ಅದನ್ನು ಮೈಮೇಲಿನ ಬೆಲೆ ಅನ್ನುತ್ತೇವೆ, ಸಾಮಾನಿನ ಮೈಮೇಲೆ ಬರೆದದ್ದು ಅಂತ. ಅಂಗಡಿಯವನು ಒಂದು ಟಾಕಾ ಹೆಚ್ಚು ಕೇಳಿದರೂ ಇವನು ಕೂಗಾಡುತ್ತಿರಲಿಲ್ಲ. ಕನ್ನಡಕ ಏರಿಸಿಕೊಂಡು ಆ ಬೆಲೆಯನ್ನು ಇನ್ನೊಮ್ಮೆ ಗಟ್ಟಿಯಾಗಿ ಓದುತ್ತಿದ್ದ, ಮತ್ತೆ ಕೇಳಿದರೆ ಮತ್ತೆ ಓದುತ್ತಿದ್ದ. ಹಿಂದೆ ನಿಂತ ಗಿರಾಕಿಗಳು ಗೊಣಗತೊಡಗಿದ ಮೇಲೆ ಅಂಗಡಿಯವನೇ ಸೋತು ಕೊಟ್ಟು ಕಳಿಸುತ್ತಿದ್ದ.

ಹಸ್ನಾ ಅವನನ್ನು ಆಡಿಕೊಳ್ಳುತ್ತಲೇ ಇದ್ದಳು. "ನನ್ನನ್ನ ನೋಡೋಕೆ ಬಂದಾಗ್ಲೂ ಬೆನ್ನು ತಿರುಗಿಸಿ ನೋಡಿದ್ರು ಆಪಾ, ಎಲ್ಲಾದ್ರೂ ಬೆಲೆ ಬರೆದಿದ್ಯಾ ಅಂತ," ಅಂತ ಅಕ್ಕನಾದ ನನ್ನೆದುರು ಅನ್ನುತ್ತಿದ್ದಳು. ಅವನು ನಗುತ್ತಿದ್ದ. ಹೊಸೈರಿ ಕಾರ್ಖಾನೆಯಲ್ಲಿ ಬನಿಯನ್ ಬಟ್ಟೆ ಕತ್ತರಿಸುವ ಮಾಸ್ಟರು ಅವನು. ದಿನವಿಡೀ ಗೆರೆ ಹಾಕಿ ಗೆರೆಯ ಮೇಲೇ ಕತ್ತರಿಸುವ ಕೆಲಸ. ಗೆರೆಯಿಂದಾಚೆ ಕತ್ತರಿ ಹೋದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಮಕ್ಕಳಾಗಲಿಲ್ಲ. ಒಂದೇ ಓಣಿಯಲ್ಲಿ ಅವರದೊಂದು ತಗಡಿನ ಮನೆ, ನನ್ನದೊಂದು. ನನ್ನ ಗಂಡ ತೀರಿಕೊಂಡ ಮೇಲೆ ನಮ್ಮ ಮೂವರ ಅಡುಗೆ ಹೆಚ್ಚುಕಡಿಮೆ ಒಂದೇ ಒಲೆಯ ಮೇಲೆ ಆಗುತ್ತಿತ್ತು.

ಡೆಂಗಿಯ ವರ್ಷಕ್ಕೆ ಮೊದಲಿನ ಬೇಸಗೆಯಲ್ಲಿ ನದಿಯಲ್ಲಿ ಲಾಂಚು ನಿಲ್ಲುವ ಘಾಟಿನ ಹೋಟೆಲಿನವನೊಬ್ಬ ನೀರಿನ ಬಾಟಲಿಗೆ ಹತ್ತು ಟಾಕಾ ಹೆಚ್ಚು ಹಾಕಿದ. ತಣ್ಣಗಿಟ್ಟಿದ್ದಕ್ಕೆ ಅಂದನಂತೆ. ಮೊತಾಲೆಬ್ ದುಡ್ಡು ಕೊಟ್ಟ, ರಸೀದಿ ಕೇಳಿ ಪಡೆದ, ನೆಟ್ಟಗೆ ಗ್ರಾಹಕರ ಕಚೇರಿಗೆ ಹೋದ. ದೂರು ಕೊಟ್ಟವನಿಗೆ ದಂಡದ ಕಾಲುಭಾಗ ಕೊಡಬೇಕು ಅಂತ ನಮ್ಮಲ್ಲಿ ಕಾನೂನಿದೆ. ವಿಚಾರಣೆ ನಡೆದು ಹೋಟೆಲಿಗೆ ದಂಡ ಬಿತ್ತು, ಇವನ ಪಾಲು ಇವನ ಕೈಗೆ ಬಂತು. ಅದರಲ್ಲಿ ಇಡೀ ಓಣಿಗೆ ರೊಸೊಗುಲ್ಲ ತಂದು ಹಂಚಿದ. ಕಚೇರಿಗೆ ಅಲೆದು ಕಳೆದುಕೊಂಡ ಕೂಲಿ ಅದಕ್ಕಿಂತ ಹೆಚ್ಚಾಗಿತ್ತು ಅಂತ ಹಸ್ನಾ ಗೊಣಗಿದಳು, ಆದರೂ ನೀರಿಗೆ ಹೋದಲ್ಲೆಲ್ಲ ಗಂಡನ ಸುದ್ದಿಯನ್ನೇ ಹೇಳಿದಳು. ಅಂದಿನಿಂದ ಓಣಿಯವರು ಏನು ಕೊಂಡರೂ ಇವನಿಗೆ ತಂದು ತೋರಿಸತೊಡಗಿದರು. ಇವನ ಎದೆ ಸ್ವಲ್ಪ ಮುಂದೆ ಬಂತು. ಬರಲಿ ಬಿಡು, ಬಡವನಿಗೆ ಗೆಲುವು ಸಿಗುವುದು ಯಾವಾಗಲೋ ಒಮ್ಮೆ ಅಂತ ನಾನೂ ಅಂದುಕೊಂಡೆ.

ಮರುವರ್ಷ ಡೆಂಗಿ ಬಂತು. ನಮ್ಮ ಓಣಿಯಲ್ಲಿ ಜ್ವರವಿಲ್ಲದ ಮನೆ ಇರಲಿಲ್ಲ. ಹಸ್ನಾ ಮೊದಲು ಮೈಕೈ ನೋವು ಅಂದಳು, ಕಣ್ಣಿನ ಹಿಂದೆ ನೋವು ಅಂದಳು, ಆಮೇಲೆ ಜ್ವರ ಬಿಟ್ಟಿತು. ಬಿಟ್ಟಿತಲ್ಲ ಅಂತ ನಾವು ನೆಮ್ಮದಿ ಪಟ್ಟೆವು. ಜ್ವರ ಬಿಟ್ಟ ಮೇಲೇ ಅಪಾಯ ಅಂತ ನಮಗೆ ಯಾರು ಹೇಳಿದ್ದರು? ಅವಳ ಕೈಕಾಲು ತಣ್ಣಗಾಗಿ, ನಿಂತಲ್ಲೇ ಕುಸಿದಳು. ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಮಂಚ ಇರಲಿಲ್ಲ, ವರಾಂಡದಲ್ಲಿ ಚಾಪೆ ಹಾಸಿ ಮಲಗಿಸಿದರು. ಒಂದು ಬಾಟಲಿ ಸಲೈನ್ ಹಾಕಿದರು. ಅದು ಮುಗಿಯುತ್ತಿದ್ದಂತೆ ಡಾಕ್ಟರು ಬಂದು, "ನಮ್ಮಲ್ಲಿ ದಾಸ್ತಾನು ಮುಗಿದಿದೆ, ಹೊರಗಿಂದ ತನ್ನಿ, ಬೇಗ ತನ್ನಿ, ಪ್ರೆಷರ್ ಬೀಳ್ತಾ ಇದೆ," ಅಂದರು. ಮೊತಾಲೆಬ್ ಚೀಟಿ ಹಿಡಿದುಕೊಂಡು ಓಡಿದ.

ಮಟಮಟ ಮಧ್ಯಾಹ್ನ. ನಾನು ಅವಳ ತಲೆಯ ಹತ್ತಿರ ಕೂತು ಬೀಸಣಿಗೆ ಬೀಸುತ್ತಿದ್ದೆ. ಆಸ್ಪತ್ರೆಯ ಗೇಟಿನೆದುರಿಗೇ ಔಷಧಿ ಅಂಗಡಿ ಇದೆ, ಹೋಗಿ ಬರುವುದಕ್ಕೆ ಎಲೆಯಡಿಕೆ ಅಗಿದು ಉಗುಳುವಷ್ಟು ಹೊತ್ತೂ ಬೇಡ. ಅವನು ಬರಲಿಲ್ಲ.

"ಇವರೆಲ್ಲಿ ಹೋದ್ರು ಆಪಾ?" ಅಂತ ಹಸ್ನಾ ಕೇಳಿದಳು.

"ಸಲೈನ್ ತರೋಕೆ ಹೋಗಿದ್ದಾನೆ, ಬರ್ತಾನೆ."

"ಬೆಲೆ ಓದ್ತಾ ನಿಂತಿರ್ತಾರೆ," ಅಂದಳು. ಸ್ವಲ್ಪ ನಕ್ಕಳು ಕೂಡ. ನಾನೂ ನಕ್ಕೆ. ಆ ಮಾತು ನಿಜವಾಗಿತ್ತು ಅಂತ ನಮಗೆ ಗೊತ್ತಿರಲಿಲ್ಲ.

ಅಲ್ಲಿ ನಡೆದದ್ದನ್ನು ಆಮೇಲೆ ಅವನೇ ಹೇಳಿದ. ಅಂಗಡಿಯಲ್ಲಿ ಕೆಲವೇ ಬಾಟಲಿ ಉಳಿದಿದ್ದವು. ಮೈಮೇಲೆ ಎಂಬತ್ತೇಳು ಟಾಕಾ ಅಂತಿತ್ತು, ಅಂಗಡಿಯವನು ನಾನೂರು ಕೇಳಿದ. ಮೊತಾಲೆಬನ ಜೇಬಿನಲ್ಲಿ ನಾನೂರಕ್ಕಿಂತ ಹೆಚ್ಚೇ ದುಡ್ಡಿತ್ತು, ನಾನೇ ಕೊಟ್ಟಿದ್ದೆ. ಅವನು ಕನ್ನಡಕ ಏರಿಸಿಕೊಂಡು ಎಂಬತ್ತೇಳು ಅಂತ ಓದಿದ. ಅಂಗಡಿಯವನು, "ಓದು ಬರುತ್ತೆ ನಿಮ್ಗೆ, ಗೊತ್ತಾಯ್ತು ಚಾಚಾ. ನಾನೂರು. ಬೇಡಾಂದ್ರೆ ಜಾಗ ಬಿಡಿ," ಅಂದ. ಇವನು ಇನ್ನೊಮ್ಮೆ ಓದಿದ. ದೂರು ಕೊಡುತ್ತೇನೆ, ಕಚೇರಿ ಎಲ್ಲಿದೆ ಅಂತ ನನಗೆ ಗೊತ್ತು ಅಂದ. "ಹೋಗಿ ಕೊಡಿ," ಅಂತ ಅಂಗಡಿಯವನು ಬಾಟಲಿಯನ್ನು ಎತ್ತಿ ಒಳಗಿಟ್ಟ. ಇವನಿಗೆ ರೋಷ ಬಂತು. ಇದೊಂದೇ ಅಂಗಡಿಯಾ ಊರಲ್ಲಿ ಅಂತ ಮುಂದಿನದಕ್ಕೆ ಹೋದ. ಅಲ್ಲಿರಲಿಲ್ಲ. ಅದರ ಮುಂದಿನದರಲ್ಲಿ ಇರಲಿಲ್ಲ, ಸೇತುವೆ ದಾಟಿ ಹೋದರೂ ಇರಲಿಲ್ಲ. ಬೆವರು ಸುರಿಸಿಕೊಂಡು ಮೊದಲಿನ ಅಂಗಡಿಗೇ ತಿರುಗಿ ಬಂದು ನಾನೂರು ಚಾಚಿದಾಗ ಬಾಟಲಿಗಳೆಲ್ಲ ಮಾರಿಹೋಗಿದ್ದವು.

ಅವನು ಬರಿಗೈಯಲ್ಲಿ ವರಾಂಡಕ್ಕೆ ಬಂದ. ಪಕ್ಕದ ಚಾಪೆಯವರು ತಮ್ಮ ರೋಗಿಯ ಬಾಟಲಿಯಲ್ಲಿ ಮಿಕ್ಕದ್ದನ್ನು ಕೊಟ್ಟರು, ಡಾಕ್ಟರು ಹಾಕಿದರು. ಇಳಿಹೊತ್ತಿನ ಅಸ್ರ್ ನಮಾಜಿನ ಕೂಗು ಕೇಳುತ್ತಿರುವಾಗ ಹಸ್ನಾ ಹೋದಳು. ಅವಳ ಕೈ ನನ್ನ ಕೈಯಲ್ಲಿತ್ತು. ನಾನು ಎತ್ತಿ ಆಡಿಸಿದ ಮಗು ಅವಳು.

ಹೊತ್ತಿಗೆ ಸರಿಯಾಗಿ ಸಲೈನ್ ಸಿಕ್ಕಿದ್ದರೆ ಉಳಿಯುತ್ತಿದ್ದಳಾ ಅಂತ ನಾನು ಡಾಕ್ಟರನ್ನು ಕೇಳಿದೆ. ಇನ್ನೂ ಹುಡುಗ ಅವನು, ಎಷ್ಟು ರಾತ್ರಿಯಿಂದ ನಿದ್ದೆಗೆಟ್ಟಿದ್ದನೋ. "ಹೇಳೋಕಾಗಲ್ಲ ಖಾಲಾ," ಅಂದ. ಉಳಿಯುತ್ತಿರಲಿಲ್ಲ ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆ ಒಂದು ಮಾತು ಸಿಗದೆ ನಾವಿಬ್ಬರೂ ಬೆಂದೆವು.

ಮೊತಾಲೆಬ್ ಅಳಲಿಲ್ಲ. ಮಣ್ಣು ಮಾಡಿ ಬಂದ, ಸತ್ತವರ ಹೆಸರಲ್ಲಿ ಮಾಡುವ ಕುಲ್‌ಖಾನಿ ಪ್ರಾರ್ಥನೆಗೆ ಬಂದವರಿಗೆ ಊಟ ಬಡಿಸಿದ, ಕೆಲಸಕ್ಕೆ ಹೋಗತೊಡಗಿದ. ನಾನು ಅವನ ಜೊತೆ ಮಾತು ಬಿಟ್ಟೆ. ಅನ್ನ ಮಾಡಿ ಮುಚ್ಚಿಟ್ಟು ಬರುತ್ತಿದ್ದೆ, ಅಷ್ಟೇ. ನೀನು ಅವಳನ್ನು ಮುನ್ನೂರು ಟಾಕಾಕ್ಕೆ ಕೊಂದೆ ಅನ್ನುವ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. ಹೇಳಲಿಲ್ಲ. ಹೇಳದೆ ಉಳಿಸಿಕೊಂಡ ಮಾತು ಯಾವುದು ಅನ್ನುವುದು ಅವನಿಗೂ ಗೊತ್ತಿತ್ತು.

ಶುಕ್ರವಾರ, ಶನಿವಾರದ ರಜೆ ಮುಗಿದು ಕಚೇರಿಗಳು ತೆರೆಯುವ ಒಂದು ಭಾನುವಾರ ಬೆಳಗ್ಗೆ ಅವನು ಇಸ್ತ್ರಿಯಾದ ಅಂಗಿ ಹಾಕಿಕೊಂಡು ನನ್ನ ಬಾಗಿಲಿಗೆ ಬಂದ.

"ಆಪಾ, ಗ್ರಾಹಕರ ಕಚೇರಿಗೆ ಹೋಗ್ತಿದೀನಿ. ಆ ಅಂಗಡಿ ಮೇಲೆ ದೂರು ಕೊಡ್ತೀನಿ."

"ಕೊಟ್ಟು?"

"ತಪ್ಪು ಯಾರದು ಅಂತ ಅವರು ಹೇಳಲಿ."

ನಾನು ಸೆರಗು ಹೊದ್ದು ಹೊರಟೆ. ಅವನಿಗೆ ಜೊತೆಯಾಗಲಿ ಅಂತಲ್ಲ. ತಪ್ಪು ನಿನ್ನದೇ ಅಂತ ಅಲ್ಲಿ ಯಾರಾದರೂ ಅವನ ಮುಖಕ್ಕೆ ಹೇಳಿದರೆ ನನ್ನ ಕಿವಿಯಾರೆ ಕೇಳೋಣ ಅಂತ ಹೋದೆ. ಅಷ್ಟು ಕೆಟ್ಟುಹೋಗಿತ್ತು ನನ್ನ ಮನಸ್ಸು.

ಕಚೇರಿಯಲ್ಲಿ ಒಬ್ಬಳು ಯುವತಿ ಅಧಿಕಾರಿ ಇದ್ದಳು. ನಮ್ಮನ್ನು ಕೂರಿಸಿ, ನೀರು ತರಿಸಿ, ಪೂರ್ತಿ ಕೇಳಿದಳು. ಮೊತಾಲೆಬ್ ಒಂದೂ ಬಿಡದೆ ಹೇಳಿದ. ತನಗೆ ರೋಷ ಬಂದದ್ದನ್ನೂ ಬಿಡಲಿಲ್ಲ.

"ರಸೀದಿ ಇದ್ಯಾ ಚಾಚಾ?"

"ಕೊಂಡಿದ್ರೆ ತಾನೇ ರಸೀದಿ ಇರೋದು, ಮೇಡಂ. ಕೊಂಡಿದ್ರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ."

ಅವಳು ಪೆನ್ನು ಕೆಳಗಿಟ್ಟಳು. "ಹೆಚ್ಚು ಕೇಳಿದ್ದೂ ತಪ್ಪೇ. ಆದ್ರೆ ಅವರು ಕೇಳಿದ್ರು ಅನ್ನೋಕೆ ಏನಾದ್ರೂ ಬೇಕಲ್ಲ. ಪಕ್ಕದಲ್ಲಿ ಯಾರಾದ್ರೂ ಇದ್ರಾ?"

"ತುಂಬ ಜನ ಇದ್ರು. ಎಲ್ರೂ ಅವರವರ ರೋಗಿಗೋಸ್ಕರ ಬಂದೋರು. ನನ್ನ ಮಾತು ಯಾರು ಕೇಳಿಸ್ಕೊಂಡ್ರು?"

"ಹಾಗಾದ್ರೆ ಕಷ್ಟ ಚಾಚಾ."

"ದಂಡ ಹಾಕ್ಬೇಡಿ. ನನ್ನ ಕಾಲುಭಾಗ ಬೇಡ," ಅಂದ ಮೊತಾಲೆಬ್. "ಅವನು ಮಾಡಿದ್ದು ತಪ್ಪು ಅಂತ ಒಂದು ಮಾತು ಬರೆದುಕೊಡಿ. ಇವ್ರು ನನ್ನ ಹೆಂಡ್ತಿಯ ಅಕ್ಕ. ಇವ್ರಿಗೆ ತೋರಿಸ್ಬೇಕು."

ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ನನಗೆ ತೋರಿಸಬೇಕಂತೆ. ಇಷ್ಟು ದಿನ ನಾನು ಮುಚ್ಚಿಟ್ಟ ಅನ್ನವನ್ನು ಅವನು ಹೇಗೆ ನುಂಗಿದ್ದನೋ ಅಂತ ಆಗ ಯೋಚನೆ ಬಂತು.

ಅಧಿಕಾರಿ ಕೊನೆಗೊಂದು ದಾರಿ ಹೇಳಿದಳು. "ಆ ಅಂಗಡಿಯಲ್ಲಿ ಈಗ್ಲೂ ಹಾಗೇ ಮಾರ್ತಿದ್ರೆ ಹೋಗಿ ಒಂದು ಬಾಟ್ಲಿ ಕೊಳ್ಳಿ. ಎಷ್ಟು ಕೇಳಿದ್ರೂ ಕೊಟ್ಬಿಡಿ, ಮಾತಾಡ್ಬೇಡಿ. ರಸೀದಿ ತನ್ನಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅಲ್ಲಿಂದ ನೇರ ಆ ಅಂಗಡಿಗೆ ಹೋದೆವು. ದಾರಿಯಲ್ಲಿ ಮೊತಾಲೆಬ್ ಜೇಬಿನಿಂದ ನೂರರ ನಾಲ್ಕು ನೋಟು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡ. ಅವನ ನಡಿಗೆಯಲ್ಲಿ ಜೀವ ಬಂದಿತ್ತು. ನನಗೂ ಯಾಕೋ ಅಂಗಡಿಯವನು ನಾನೂರೇ ಕೇಳಲಿ ಅನ್ನಿಸತೊಡಗಿತು. ಐನೂರು ಕೇಳಿದರೂ ಮೇಲಿನ ನೂರು ನನ್ನ ಸೆರಗಿನ ಗಂಟಿನಲ್ಲಿ ಇತ್ತು.

ಮೊತಾಲೆಬ್ ದೂರದಿಂದಲೇ ಅಂಗಡಿಯವನನ್ನು ಗುರುತಿಸಿದ. ಅವನಿಗೆ ಮೊತಾಲೆಬನ ಗುರುತು ಇರಲಿಲ್ಲ. ಗಡ್ಡ ಒಪ್ಪವಾಗಿ ಕತ್ತರಿಸಿದ, ನಗುಮುಖದ ಮನುಷ್ಯ. ಗಲ್ಲಾದ ಹಿಂದೆ ಸಲೈನ್ ಬಾಟಲಿಗಳನ್ನು ಸೂರಿನವರೆಗೂ ಒಟ್ಟಿದ್ದರು.

"ಹೇಳಿ ಚಾಚಾ."

"ಸಲೈನ್. ಒಂದು."

ಅವನು ಬಾಟಲಿ ತೆಗೆದು ಮುಂದಿಟ್ಟ. ಮೊತಾಲೆಬ್ ಅದನ್ನು ತಿರುಗಿಸಿ ನೋಡಲಿಲ್ಲ. ನಾಲ್ಕೂ ನೋಟುಗಳನ್ನು ಮೇಜಿನ ಮೇಲೆ ಬಿಡಿಸಿಟ್ಟ.

"ಇಷ್ಟೆಲ್ಲ ಯಾಕೆ? ಎಂಬತ್ತೇಳು ಕೊಡಿ."

"ಎಷ್ಟು?"

"ಎಂಬತ್ತೇಳು. ಮೈಮೇಲೆ ಬರೆದಿದೆ ನೋಡ್ಕೊಳ್ಳಿ."

"ನಾನೂರಲ್ವಾ?"

"ನಾನೂರಾ? ಯಾವಾಗ್ಲೋ ಮಾಲು ಇಲ್ದಾಗ ಯಾರೋ ತಗೊಂಡಿರ್ಬೇಕು. ಈಗ ಬೇಕಾದಷ್ಟು ಬಂದಿದೆ."

"ನಾನೂರು ತಗೊಳ್ಳಿ."

"ತಮಾಷೆ ಮಾಡ್ತೀರಾ ಚಾಚಾ? ಹಿಂದೆ ಜನ ಇದಾರೆ."

"ತಮಾಷೆ ಅಲ್ಲ. ನಾನೂರು ತಗೊಳ್ಳಿ," ಅಂತ ಮೊತಾಲೆಬ್ ನೋಟುಗಳನ್ನು ಮುಂದಕ್ಕೆ ತಳ್ಳಿದ. ಅಂಗಡಿಯವನು ಹಿಂದಕ್ಕೆ ಸರಿಸಿದ. ಇವನು ಮತ್ತೆ ತಳ್ಳಿದ. "ಅವತ್ತು ನಾನೂರು ಅಂದ್ರಲ್ಲ. ನಾನು ಕೊಡ್ತಿದೀನಲ್ಲ. ತಗೊಳ್ಳಿ. ಒಂದು ಮಾತೂ ಆಡಲ್ಲ, ಬೆಲೆ ಓದಲ್ಲ. ಯಾವ ಕಚೇರಿಗೂ ಹೋಗಲ್ಲ. ತಗೊಂಡ್ಬಿಡಿ."

ದೂರು, ರಸೀದಿ ಎಲ್ಲ ಅವನಿಗೆ ಮರೆತುಹೋಗಿತ್ತು. ಅವನು ಈ ಭಾನುವಾರದಲ್ಲಿ ಇರಲಿಲ್ಲ. ಆ ಮಧ್ಯಾಹ್ನದಲ್ಲಿ ನಿಂತಿದ್ದ, ಹಸ್ನಾ ಗೇಟಿನಾಚೆ ಚಾಪೆಯ ಮೇಲೆ ಇನ್ನೂ ಇದ್ದಳು, ನಾನು ಬೀಸಣಿಗೆ ಬೀಸುತ್ತಿದ್ದೆ. ಹಿಂದಿನವರು ಇಣುಕತೊಡಗಿದರು. ಯಾರೋ, ಮುದುಕನಿಗೆ ತಲೆ ನೆಟ್ಟಗಿಲ್ಲ ಅಂದರು.

ಅವನು ನನ್ನ ಕಡೆ ತಿರುಗಿದ. "ಆಪಾ, ನೀವಾದ್ರೂ ಹೇಳಿ ಅವರಿಗೆ."

ನಾಲಗೆಯ ತುದಿಯಲ್ಲಿ ಇಷ್ಟು ದಿನ ಕಾದಿಟ್ಟ ಮಾತು ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಅವನನ್ನು ಬೈಯುವುದಕ್ಕೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ನಾನು ಮೇಜಿನ ಹತ್ತಿರ ಹೋದೆ, ಸೆರಗಿನ ಗಂಟು ಬಿಚ್ಚಿ ನನ್ನ ನೂರನ್ನೂ ಅವನ ನೋಟುಗಳ ಮೇಲಿಟ್ಟೆ.

"ತಗೊಳ್ಳಪ್ಪಾ," ಅಂದೆ. "ಇನ್ನೂ ಬೇಕಾದ್ರೆ ಕೇಳು."

ಅಂಗಡಿಯವನು ನಮ್ಮಿಬ್ಬರ ಮುಖವನ್ನೂ ನೋಡಿದ. ಅವನಿಗೆ ಏನಾದರೂ ತಿಳಿಯಿತೋ ಇಲ್ಲವೋ. ಒಂದೇ ಒಂದು ನೋಟು ಎತ್ತಿಕೊಂಡು, ಹದಿಮೂರು ಟಾಕಾ ಚಿಲ್ಲರೆ ಎಣಿಸಿ, ಕೇಳದಿದ್ದರೂ ರಸೀದಿ ಬರೆದು, ಬಾಟಲಿಯ ಪಕ್ಕ ಇಟ್ಟ.

"ಬರೆದ ಬೆಲೆಗಿಂತ ಒಂದು ಟಾಕಾನೂ ನಾನು ಹೆಚ್ಚು ತಗೊಳ್ಳಲ್ಲಮ್ಮ," ಅಂದ.

ಹೆಂಡತಿಯನ್ನು ಮಣ್ಣು ಮಾಡಿದ ದಿನ ಅಳದವನು ಆ ಮೇಜಿಗೆ ಹಣೆ ಹಚ್ಚಿ ಅತ್ತ. ನಾನು ಅವನ ಬೆನ್ನಿನ ಮೇಲೆ ಕೈಯಿಟ್ಟು ಅಲ್ಲೇ ನಿಂತೆ, ಮತ್ತು ಅಂಗಡಿಯವನ ಮುಂದೆ ಆ ನೋಟುಗಳನ್ನು ಇನ್ನೊಮ್ಮೆ ಸರಿಸಿದೆ.