ಹಲಗೆಯ ಮೇಲಿನ ಇಪ್ಪತ್ತೆರಡು

ಭಾನುವಾರ ಬೆಳಿಗ್ಗೆ ಆರೂವರೆ. ಈಜುಕೊಳದ ಅಂಚಿನಲ್ಲಿ ಇಪ್ಪತ್ತೆರಡು ಮಕ್ಕಳು ಕಾಲು ಇಳಿಬಿಟ್ಟು ಕೂತು ನಡುಗುತ್ತಿದ್ದರು. ಆರಕ್ಕೆ ಶುರುವಾಗಬೇಕಿದ್ದ ತರಗತಿ ಇನ್ನೂ ಶುರುವಾಗಿರಲಿಲ್ಲ. ಕೋಚ್ ಬಂದಿರಲಿಲ್ಲ.

ಅವರನ್ನು ಎಲ್ಲರೂ ಸೀಟಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷಗಳಲ್ಲಿ ಒಂದು ದಿನವೂ ತಡವಾಗಿ ಬಂದವರಲ್ಲ. ಅವರಿಗೊಂದು ಪದ್ಧತಿಯಿತ್ತು. ಮಕ್ಕಳು ನಾಲ್ಕು ಸುತ್ತು ಈಜಿದ ಮೇಲೆ ಒಂದು ಉದ್ದನೆಯ ಸೀಟಿ ಊದುವರು. ಎಲ್ಲರೂ ಗೋಡೆ ಹಿಡಿದು ನಿಲ್ಲಬೇಕು. ಮೇಷ್ಟ್ರು ಬರಿಗಾಲಿನಲ್ಲಿ ಕೊಳದ ಸುತ್ತ ನಡೆದು ತಲೆ ಎಣಿಸುವರು. ಎಣಿಸಿದ ಸಂಖ್ಯೆಯನ್ನು ಏಣಿಯ ಪಕ್ಕದ ಕರಿಹಲಗೆಯ ಮೇಲೆ ಬರೆಯುವರು. ಆಮೇಲೆಯೇ ಮುಂದಿನ ಸುತ್ತು.

"ನೀರು ಯಾರನ್ನ ಒಳಗಿಟ್ಕೊಂಡಿದೆ ಅಂತ ಕೂಗಿ ಹೇಳಲ್ಲ. ನಾವೇ ಎಣಿಸ್ಬೇಕು" ಎಂದು ಅವರು ಹೊಸ ಮಕ್ಕಳಿಗೆ ಹೇಳುತ್ತಿದ್ದರು.

ಆ ಎಣಿಕೆಯ ಹೊತ್ತಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತ ಅಪ್ಪ ಅಮ್ಮಂದಿರೂ ಉಸಿರು ಬಿಗಿಹಿಡಿಯುತ್ತಿದ್ದರು. ನೀರಿನ ಬೆಳಕು ಮೇಲಿನ ಚಾವಣಿಯಲ್ಲಿ ಅಲುಗುತ್ತಿತ್ತು. ಅಷ್ಟು ಮಕ್ಕಳ ಪ್ರಾಣ ಒಬ್ಬ ಮನುಷ್ಯನ ಎರಡು ಕಣ್ಣುಗಳಲ್ಲಿದೆ ಎಂದು ಆಗ ಎಂಥವರಿಗೂ ಅನ್ನಿಸುತ್ತಿತ್ತು.

ಅಂದು ಮೇಷ್ಟ್ರು ಬಂದಾಗ ಮುಕ್ಕಾಲು ಗಂಟೆ ತಡವಾಗಿತ್ತು. ನಡೆದುಕೊಂಡೇ ಬಂದರು. ಮುಖ ಬಾಡಿತ್ತು.

"ಕಾರೆಲ್ಲಿ ಮೇಷ್ಟ್ರೇ?" ಎಂದು ಚೂಟಿ ಕೇಳಿದಳು. ಹನ್ನೆರಡು ವರ್ಷದ ಅವಳು ಆ ತಂಡದಲ್ಲೇ ವೇಗದ ಈಜುಗಾರ್ತಿ. ಅವಳ ಬಾಯಿ ಅದಕ್ಕಿಂತ ವೇಗ.

"ಇವತ್ತು ನಡೀಬೇಕು ಅನ್ನಿಸ್ತು" ಎಂದು ಮೇಷ್ಟ್ರು ಸೀಟಿ ಬಾಯಿಗಿಟ್ಟರು.

ಚೂಟಿಯ ಅಪ್ಪ ಆ ಈಜು ಸಂಘದ ಅಧ್ಯಕ್ಷರು. ಊರಿನಲ್ಲಿ ಅವರದೊಂದು ಅಚ್ಚುಕೂಟವಿದ್ದುದರಿಂದ ಜನ ಅವರನ್ನು ಪ್ರೆಸ್ ಯಜಮಾನರು ಎನ್ನುತ್ತಿದ್ದರು. ಮೇಷ್ಟ್ರಿಗೆ ಕೆಲಸ ಕೊಟ್ಟವರೂ ಅವರೇ, ಸಂಬಳದ ಚೀಟಿಗೆ ಸಹಿ ಹಾಕುವವರೂ ಅವರೇ.

ಸೋಮವಾರ ಮಧ್ಯಾಹ್ನ ಬೇಕರಿಯವರು ಅಚ್ಚುಕೂಟಕ್ಕೆ ನುಗ್ಗಿದರು. ಅವರು ಸಂಘದ ಸಮಿತಿಯಲ್ಲಿದ್ದರು. ಬೆಳಗಾಗುವ ಮೊದಲೇ ಬ್ರೆಡ್ ಹಂಚಲು ಹೊರಡುವವರು, ರಸ್ತೆಯ ಸುದ್ದಿಯೆಲ್ಲ ಅವರಿಗೇ ಮೊದಲು ಗೊತ್ತು.

"ಯಜಮಾನ್ರೇ, ನಿಮ್ಮ ಚಿನ್ನದಂಥ ಮೇಷ್ಟ್ರು ನಿನ್ನೆ ಸೀಟಿ ಬದಲು ಪೊಲೀಸರ ಮೆಷಿನ್ ಊದ್ತಿದ್ರು!"

"ಏನು ಹಾಗಂದ್ರೆ?"

"ಕುಡಿದು ಗಾಡಿ ಓಡಿಸಿದ್ದಾರೆ. ಕಾರು ಸ್ಟೇಷನ್ನಲ್ಲಿದೆ, ಲೈಸೆನ್ಸ್ ಪೊಲೀಸರ ಕೈಲಿದೆ. ನಾನೇ ಕಣ್ಣಾರೆ ನೋಡ್ದೆ. ಇವತ್ತೇ ಕೆಲಸದಿಂದ ಕಿತ್ತಾಕಿ. ಗೇಟಿಗೆ ನೋಟಿಸ್ ಅಂಟಿಸಿ, ನಾಲ್ಕು ಜನಕ್ಕೆ ಗೊತ್ತಾಗ್ಲಿ."

"ಮೆಲ್ಲಗೆ ಮಾತಾಡ್ರೀ. ಗೋಡೆಗೂ ಕಿವಿ ಇರುತ್ತೆ."

"ಗೋಡೆಗೆ ಕಿವಿ ಯಾಕೆ ಬೇಕು? ಇವರ ಧ್ವನಿ ಬೀದಿ ತುದಿಗೇ ಕೇಳ್ತಿದೆ" ಎನ್ನುತ್ತ ಯಜಮಾನರ ಅಕ್ಕ ಒಳಗೆ ಬಂದರು. ಆಕೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸು. ಅಲ್ಲಿ ಅಚ್ಚಾಗಿದ್ದ ವಾರ್ಡಿನ ರಿಜಿಸ್ಟರುಗಳನ್ನು ಒಯ್ಯಲು ಬಂದಿದ್ದರು. ಆಕೆಯೂ ಸಮಿತಿಯವರೇ.

ಯಜಮಾನರು ಕೈಗೆ ಹತ್ತಿದ ಮಸಿಯನ್ನು ಬಟ್ಟೆಗೆ ಒರೆಸಿಕೊಂಡರು. ಒಂದೇ ಕಡೆ ಮೂರು ಸಲ ಒರೆಸಿಕೊಂಡರು.

"ನೋಡಕ್ಕಾ, ಇನ್ನು ಮೂರು ವಾರಕ್ಕೆ ಪಂದ್ಯ ಇದೆ. ಚೂಟಿ ಎರಡು ವರ್ಷದಿಂದ ಇದಕ್ಕೇ ಕಾಯ್ತಿದ್ದಾಳೆ. ಕಾರು ಅವರದು, ಕುಡಿದಿದ್ದು ಹಿಂದಿನ ದಿನ ಇರ್ಬೇಕು, ಅದೂ ಅವರ ಬಿಡುವಿನ ಟೈಮಲ್ಲಿ. ಕಾರಲ್ಲಿ ಮಕ್ಕಳೇನೂ ಇರ್ಲಿಲ್ಲ. ಪೊಲೀಸರು ನೋಡ್ಕೋತಾರೆ ಬಿಡು. ಅದಕ್ಕೂ ನಮ್ಮ ಕೊಳಕ್ಕೂ ಏನು ಸಂಬಂಧ?"

"ನಮ್ಮ ವಾರ್ಡಿಗೆ ಬಾ ಒಂದಿನ" ಎಂದರು ಅಕ್ಕ. "ಕುಡಿದು ಗುದ್ದಿದೋರು ಅದನ್ನೇ ಹೇಳ್ತಾರೆ, ನನ್ನ ಬಿಡುವಿನ ಟೈಮು ಅಂತ. ಗುದ್ದಿಸಿಕೊಂಡೋರದ್ದೂ ಬಿಡುವಿನ ಟೈಮೇ ಆಗಿರುತ್ತೆ ಕಣೋ."



"ಹಿಂದಿನ ದಿನ ಕುಡಿದ್ರೆ ಬೆಳಿಗ್ಗೆಗೆ ಇಳಿದಿರಲ್ವಾ?" ಎಂದು ಬೇಕರಿಯವರು ಕೇಳಿದರು. ಈಗ ಅವರ ಧ್ವನಿ ತಗ್ಗಿತ್ತು.

"ಇಳಿದ ಹಾಗೆ ಅನ್ಸುತ್ತೆ, ಇಳಿದಿರಲ್ಲ. ಕಾಫಿ ಕುಡಿದ್ರೂ ಅಷ್ಟೆ, ತಣ್ಣೀರು ಸುರ್ಕೊಂಡ್ರೂ ಅಷ್ಟೆ. ದೇಹ ತನ್ನ ಪಾಡಿಗೆ ನಿಧಾನಕ್ಕೆ ಇಳಿಸುತ್ತೆ. ಜಾಸ್ತಿ ಕುಡಿದಷ್ಟೂ ಜಾಸ್ತಿ ಹೊತ್ತು. ಒಂದು ನಿದ್ದೆ ಆಯ್ತು ಅಂದ ಮಾತ್ರಕ್ಕೆ ಕಣ್ಣು ಕೈ ಸರಿಯಾಗಿದೆ ಅಂತಲ್ಲ."

"ಅದಕ್ಕೇ ಹೇಳಿದ್ದು, ಕಿತ್ತಾಕಿ ಅಂತ!"

"ನೆಗಡಿ ಬಂತು ಅಂತ ಮೂಗು ಕೊಯ್ಕೋತಾರೇನ್ರೀ? ನೀವು ನೋಡಿದ್ದು ಒಂದು ಕಡೆಯದು. ಅವರ ಮಾತು ಕೇಳಿದ್ರಾ?" ಅಕ್ಕ ತಮ್ಮನ ಕಡೆ ತಿರುಗಿದರು. "ಅವರ ನೇಮಕಾತಿ ಪತ್ರ ತೆಗಿ. ಕುಡಿದು ಗಾಡಿ ಓಡಿಸಿದ್ರೆ ಏನು ಅಂತ ಬರೆದಿದೆ?"

ಯಜಮಾನರು ಕಪಾಟಿನಿಂದ ಪತ್ರ ತೆಗೆದರು. ಅವರದೇ ಅಚ್ಚುಕೂಟದಲ್ಲಿ ಅಚ್ಚಾದದ್ದು. ಸಮವಸ್ತ್ರದ ಬಗ್ಗೆ ಇತ್ತು, ರಜೆಯ ಬಗ್ಗೆ ಇತ್ತು, ಸೀಟಿ ಕಳೆದರೆ ಯಾರು ತಂದುಕೊಡಬೇಕು ಎಂಬುದೂ ಇತ್ತು. ಕುಡಿತದ ಬಗ್ಗೆ ಒಂದು ಅಕ್ಷರ ಇರಲಿಲ್ಲ.

"ಊರಿಗೆಲ್ಲ ನಿಯಮ ಅಚ್ಚು ಹಾಕಿ ಕೊಡ್ತೀಯ" ಎಂದರು ಅಕ್ಕ. "ನಿಂದೇ ಬರೆಯೋಕೆ ಮರೆತೆ."

ಆ ಮಾತು ಯಜಮಾನರಿಗೆ ನಾಟಿತು. ಮೇಷ್ಟ್ರ ತಪ್ಪು ಮೇಷ್ಟ್ರದು. ಆದರೆ ಬರೆದಿಡದ ತಪ್ಪು ತಮ್ಮದೇ ಎಂದು ಅವರಿಗೆ ಅನ್ನಿಸಿತು.

ಅಂದು ಸಂಜೆಯೇ ಅವರು ಮೇಷ್ಟ್ರಿಗೆ ಒಂದು ಪತ್ರ ಕೊಟ್ಟರು. ಬುಧವಾರ ವಿಚಾರಣೆ, ಬೇಕಿದ್ದರೆ ಜೊತೆಗೆ ಒಬ್ಬರನ್ನು ಕರೆತರಬಹುದು, ಅಲ್ಲಿಯವರೆಗೆ ಕೊಳದ ಹತ್ತಿರ ಕೆಲಸ ಬೇಡ, ಮಕ್ಕಳನ್ನು ಪಂದ್ಯಗಳಿಗೆ ಕರೆದೊಯ್ಯುವ ಸಂಘದ ವ್ಯಾನು ಮುಟ್ಟುವುದು ಬೇಡ ಎಂದು ಅದರಲ್ಲಿತ್ತು. ಇನ್ನೂ ತೀರ್ಮಾನವಾಗಿಲ್ಲದ ಕಾರಣ ಸಂಬಳ ನಿಲ್ಲುವುದಿಲ್ಲ ಎಂದೂ ಇತ್ತು. ಕಾನೂನು ಬಲ್ಲ ಒಬ್ಬರಿಗೆ ತೋರಿಸಿಯೇ ಆ ಪತ್ರ ಕೊಟ್ಟಿದ್ದರು. ಗೇಟಿಗೆ ಯಾವ ನೋಟಿಸನ್ನೂ ಅಂಟಿಸಲಿಲ್ಲ.

ಆದರೂ ಬುಧವಾರ ಕೊಳದ ಪಕ್ಕದ ಆಫೀಸು ಕೋಣೆಯಲ್ಲಿ ಅಕ್ಕ ಮತ್ತು ಬೇಕರಿಯವರ ಜೊತೆ ಕೂತಾಗ ಯಜಮಾನರ ಮನಸ್ಸು ಎರಡಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೇಷ್ಟ್ರಿಗೆ ಒಂದು ಎಚ್ಚರಿಕೆ ಕೊಟ್ಟು ಪಂದ್ಯ ಮುಗಿಸಿಬಿಟ್ಟರೆ ಸಾಕು ಎಂದುಕೊಂಡಿದ್ದರು.

ಮೇಷ್ಟ್ರು ಒಬ್ಬರೇ ಬಂದರು. ಕೊರಳಲ್ಲಿ ಸೀಟಿ ಇರಲಿಲ್ಲ. ಅದಿಲ್ಲದೆ ಅವರು ಬೇರೆ ಯಾರೋ ಎಂಬಂತೆ ಕಂಡರು.

"ಹೇಳಿ ಮೇಷ್ಟ್ರೇ" ಎಂದರು ಅಕ್ಕ.

"ಶನಿವಾರ ಹಳೇ ಸ್ನೇಹಿತರು ಸೇರಿದ್ವಿ. ಲೆಕ್ಕ ತಪ್ಪಿ ಕುಡಿದೆ. ಐದು ಗಂಟೆ ನಿದ್ದೆ ಮಾಡಿದ್ದೆ. ಎದ್ದಾಗ ಸರಿಯಾಗೇ ಇದ್ದೀನಿ ಅನ್ನಿಸ್ತು. ದಾರೀಲಿ ಪೊಲೀಸರು ಊದಿಸಿದ್ರು. ಕೇಸ್ ಆಯ್ತು. ಅವತ್ತೇ ನಿಮಗೆ ಹೇಳ್ಬೇಕಿತ್ತು. ನಾಚಿಕೆ ಆಯ್ತು, ಹೇಳ್ಲಿಲ್ಲ."

ಯಜಮಾನರು ಮುಂದೆ ಬಾಗಿದರು. "ಆದ್ರೆ ಕಾರಲ್ಲಿ ಮಕ್ಕಳಿರ್ಲಿಲ್ಲ, ಅಲ್ವಾ? ಕೊಳಕ್ಕೆ ಬಂದ ಮೇಲೆ ಏನೂ ತೊಂದರೆ ಆಗ್ಲಿಲ್ಲ, ಅಲ್ವಾ?"

ತಪ್ಪಿಸಿಕೊಳ್ಳಲು ಬಾಗಿಲು ತೆರೆದು ಕೊಟ್ಟಂತಿತ್ತು ಆ ಪ್ರಶ್ನೆ. ಹೌದು ಎಂದರೆ ಮುಗಿಯುತ್ತಿತ್ತು. ಮೇಷ್ಟ್ರು ಕಿಟಕಿಯಾಚೆಯ ನೀರಿನ ಕಡೆ ನೋಡಿದರು.

"ತೊಂದರೆ ಆಯ್ತು ಯಜಮಾನ್ರೇ" ಎಂದರು. "ನಾಲ್ಕು ಸುತ್ತು ಆದ್ಮೇಲೆ ಸೀಟಿ ಊದಿ ಎಣಿಸ್ದೆ. ಹಲಗೆ ಮೇಲೆ ಇಪ್ಪತ್ತೆರಡು ಅಂತ ಬರೆದೆ. ತಿರುಗಿ ನೋಡಿದ್ರೆ ನಿಮ್ಮ ಚೂಟಿ ಬಟ್ಟೆ ಬದಲಿಸೋ ಕೋಣೆಯಿಂದ ಈಜೋ ಕನ್ನಡಕ ಹಿಡ್ಕೊಂಡು ಬರ್ತಿದ್ಲು. ನೀರಲ್ಲಿ ಇದ್ದಿದ್ದು ಇಪ್ಪತ್ತೊಂದು."

ಅಕ್ಕ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಆ ಮಗು ಕೋಣೇಲಿತ್ತು, ಸರಿ. ತಳದಲ್ಲಿದ್ದಿದ್ರೂ ನಾನು ಇಪ್ಪತ್ತೆರಡು ಅಂತಲೇ ಬರೀತಿದ್ದೆ." ಮೇಷ್ಟ್ರು ಮತ್ತೆ ನಿಧಾನವಾಗಿ ಹೇಳಿದರು, "ಹನ್ನೊಂದು ವರ್ಷ ಎಣಿಸಿದೀನಿ. ಆ ಕಣ್ಣು ಅವತ್ತು ನನ್ನದಾಗಿರ್ಲಿಲ್ಲ. ಇದು ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತು."

ಯಜಮಾನರ ಕೈ ಮೇಜಿನ ಮೇಲೆ ಹಾಗೇ ಉಳಿಯಿತು. ಹೊರಗೆ ನೀರು ಒಂದಿಷ್ಟೂ ಅಲುಗದೆ ನಿಂತಿತ್ತು. ಅಷ್ಟು ತಿಳಿಯಾದ ನೀರನ್ನು ನೋಡಿ ಅವರಿಗೆ ಅಂಥ ಭಯ ಎಂದೂ ಆಗಿರಲಿಲ್ಲ. ಎದುರಿಗೆ ಕೂತ ಮನುಷ್ಯನನ್ನು ನೋಡಿದರು. ಯಾರೂ ಕೇಳದ, ಯಾರೂ ಕಾಣದ ತಪ್ಪನ್ನು ಕೆಲಸವೇ ಹೋಗಬಹುದಾದ ಹೊತ್ತಿನಲ್ಲಿ ತಾನಾಗಿ ತಂದು ಮುಂದಿಟ್ಟವನು.

ಬೇಕರಿಯವರೇ ಮೊದಲು ಮಾತಾಡಿದರು. "ಈಗೇನು ಮಾಡೋದು, ನರ್ಸಕ್ಕಾ?" ಕಿತ್ತುಹಾಕಿ ಎಂಬ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ಮೇಷ್ಟ್ರನ್ನು ಹೊರಗೆ ಕೂರಿಸಿ ಮೂವರೂ ಎರಡು ಗಂಟೆ ಕೂತು ಬರೆದರು. ಮೂರು ತಿಂಗಳು ಅಮಾನತು. ಆ ಮೂರು ತಿಂಗಳು ಕುಡಿತ ಬಿಡಿಸುವ ಕೇಂದ್ರದಲ್ಲಿ ಸಲಹೆ ಪಡೆಯಬೇಕು, ಅಲ್ಲಿಂದ ಪತ್ರ ತರಬೇಕು. ಕೋರ್ಟಿನಲ್ಲಿ ಏನು ತೀರ್ಮಾನವಾಯಿತೆಂದು ಸಂಘಕ್ಕೆ ತಿಳಿಸಬೇಕು. ವಾಪಸು ಬಂದ ಮೇಲೂ ಒಂದು ವರ್ಷ ಸಂಘದ ವ್ಯಾನು ಓಡಿಸುವಂತಿಲ್ಲ. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ.

"ಇಷ್ಟು ಇವರೊಬ್ಬರಿಗೆ" ಎಂದು ಅಕ್ಕ ಹೊಸ ಹಾಳೆ ತೆಗೆದರು. "ಇನ್ನು ಎಲ್ಲರಿಗೂ. ಯಾರಾದ್ರೂ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ರೆ ಮಾರನೇ ದಿನದೊಳಗೆ ಸಂಘಕ್ಕೆ ಹೇಳ್ಬೇಕು. ಮುಚ್ಚಿಟ್ರೆ ಅದು ಬೇರೆ ತಪ್ಪು. ಮಕ್ಕಳನ್ನ ಕೂರಿಸ್ಕೊಂಡು ಕುಡಿದು ಓಡಿಸಿದ್ರೆ, ವಿಚಾರಣೇಲಿ ನಿಜ ಅಂತ ಗೊತ್ತಾದ ದಿನವೇ ಕೆಲಸ ಕೊನೆ. ಕಪ್ ಗೆದ್ದಿರ್ಲಿ, ಗೆಲ್ಲದೇ ಇರ್ಲಿ."

"ಪಂದ್ಯದ ದಿನ ವ್ಯಾನು ಓಡಿಸೋದು ಎಷ್ಟೋ ಸಲ ನಾನೇ ಅಲ್ವಾ" ಎಂದರು ಯಜಮಾನರು.

"ಹಾಗಾದ್ರೆ ಮೊದಲ ಸಹಿ ನಿಂದೇ."

ಅವರು ಸಹಿ ಹಾಕಿದರು. ಆಮೇಲೆ ಮೇಷ್ಟ್ರನ್ನು ಒಳಗೆ ಕರೆದು ಓದಿ ಹೇಳಿದರು. ಒಪ್ಪಿಗೆಯಿಲ್ಲದಿದ್ದರೆ ಹದಿನೈದು ದಿನದೊಳಗೆ ಸಮಿತಿಗೆ ಬರೆದು ಕೇಳಬಹುದು ಎಂದೂ ಹೇಳಿದರು. ಮೇಷ್ಟ್ರು ತಲೆಯಾಡಿಸಿ ಸಹಿ ಮಾಡಿದರು. ಹೋಗುವಾಗ ಜೇಬಿನಿಂದ ಸೀಟಿ ತೆಗೆದು ಮೇಜಿನ ಮೇಲಿಟ್ಟರು.

ಮನೆಯಲ್ಲಿ ಚೂಟಿಗೆ ಹೇಳುವುದೇ ಕಷ್ಟವಾಯಿತು. ಅವಳು ತಟ್ಟೆ ದೂಡಿ ಎದ್ದಳು.

"ಮೂರು ವಾರಕ್ಕೆ ಪಂದ್ಯ ಇಟ್ಕೊಂಡು ಮೇಷ್ಟ್ರನ್ನ ಕಳಿಸಿದ್ಯಾ ಅಪ್ಪಾ? ನೀನು ಅಧ್ಯಕ್ಷ ಅಲ್ವಾ, ಬಿಟ್ಬಿಡಬಹುದಿತ್ತಲ್ಲ!"

"ನಾನು ಬಿಡೋಣ ಅಂತಲೇ ಕೂತಿದ್ದೆ ಕಣಮ್ಮಾ. ಅವರೇ ಬಿಡೋಕೆ ಬಿಡ್ಲಿಲ್ಲ." ಯಜಮಾನರು ಹಲಗೆಯ ಮೇಲಿನ ಸಂಖ್ಯೆಯ ವಿಷಯ ಹೇಳಿದರು.

ಚೂಟಿ ನಿಂತಲ್ಲೇ ನಿಂತಳು. "ನಾನು ಕನ್ನಡಕ ತರೋಕೆ ಹೋಗಿದ್ದನ್ನ ಯಾರೂ ನೋಡಿರ್ಲಿಲ್ಲ ಅಪ್ಪಾ. ಅವರೇ ಹೇಳಿದ್ರಾ?"

"ಅವರೇ."

ಅವಳು ಮೆಲ್ಲಗೆ ಬಂದು ಕೂತು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಪಂದ್ಯಕ್ಕೆ ಬೇರೆ ಊರಿನ ಕೋಚ್ ಒಬ್ಬರು ಜೊತೆಗೆ ಹೋದರು. ಚೂಟಿ ನಾಲ್ಕನೆಯವಳಾಗಿ ಬಂದಳು. ಮೇಷ್ಟ್ರಿದ್ದಿದ್ದರೆ ಗೆಲ್ಲುತ್ತಿದ್ದಳೋ ಏನೋ, ಯಾರಿಗೆ ಗೊತ್ತು? ವ್ಯಾನಿನಲ್ಲಿ ಹೋದ ಮಕ್ಕಳೆಲ್ಲ ವ್ಯಾನಿನಲ್ಲೇ ಮನೆಗೆ ಬಂದರು.

ಮೂರು ತಿಂಗಳ ಮೇಲೆ ಒಂದು ಮುಂಜಾನೆ ಮೇಷ್ಟ್ರು ಕೇಂದ್ರದ ಪತ್ರ ಹಿಡಿದು ನಡೆದುಕೊಂಡು ಬಂದರು. ಸ್ವಲ್ಪ ಇಳಿದುಹೋಗಿದ್ದರು. ಕಣ್ಣು ಮಾತ್ರ ನಿಚ್ಚಳವಾಗಿತ್ತು. ಯಜಮಾನರು ಸೀಟಿಯನ್ನು ಅವರ ಕೈಗಿಟ್ಟರು. ಹಲಗೆಯ ನಡುವೆ ಈಗ ಒಂದು ಗೆರೆ ಎಳೆದಿತ್ತು. ಎಣಿಸುವವರು ಇಬ್ಬರು, ಬರೆಯುವುದು ಎರಡು ಕಡೆ. ಎರಡೂ ಒಂದೇ ಆಗದೆ ಯಾರೂ ಕದಲುವಂತಿಲ್ಲ.

ಉದ್ದನೆಯ ಸೀಟಿ ಕೇಳಿತು. ಮಕ್ಕಳು ಗೋಡೆ ಹಿಡಿದರು. ಮೇಷ್ಟ್ರು ಈ ಕಡೆಯಿಂದ, ಯಜಮಾನರು ಆ ಕಡೆಯಿಂದ ಬರಿಗಾಲಿನಲ್ಲಿ ನಡೆದರು. ಯಜಮಾನರು ಎಷ್ಟು ತಲೆ ಎಣಿಸಿದರೂ ಸಾಲದೆನ್ನಿಸಿ ಮತ್ತೆ ಮೊದಲಿಂದ ಎಣಿಸಿದರು. ಒಂದೊಂದು ತಲೆಯ ಹಿಂದೆಯೂ ಒಂದೊಂದು ಮನೆ ಇದೆ ಎಂದು ಅವರಿಗೆ ಅಂದೇ ಕಂಡಿತು.

"ಬೇಗ ಅಪ್ಪಾ, ಚಳಿ!" ಎಂದು ನೀರಿನಿಂದ ಚೂಟಿ ಕೂಗಿದಳು.

"ಮಾತಾಡ್ಬೇಡ" ಎಂದರು ಇಬ್ಬರೂ ಒಟ್ಟಿಗೆ.

ಮೇಷ್ಟ್ರು ಬರೆದರು. ಯಜಮಾನರು ಬರೆದರು. ಇಪ್ಪತ್ತೆರಡು. ಇಪ್ಪತ್ತೆರಡು.

ಓದುತ್ತಿರುವವರೇ, ನಿಮ್ಮ ಶಾಲೆಯಲ್ಲೋ ಸಂಘದಲ್ಲೋ ಮಕ್ಕಳಿಗೆ ಆಟ ಕಲಿಸುವವರೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ಕೆಲಸ ಕೊಟ್ಟವರು ನೀವಾಗಿದ್ದರೆ, ಇವತ್ತೇ ಆ ನೇಮಕಾತಿ ಪತ್ರ ತೆಗೆದು ನೋಡಿ. ಕುಡಿದು ಗಾಡಿ ಓಡಿಸಿದರೆ ಏನು ಎಂಬ ಸಾಲು ಅದರಲ್ಲಿ ಇದೆಯೇ? ಇಲ್ಲದಿದ್ದರೆ ತಪ್ಪು ನಡೆಯುವ ಮೊದಲೇ ಬರೆಯಿರಿ, ನಿಮ್ಮ ಹೆಸರನ್ನೂ ಅದರೊಳಗೆ ಸೇರಿಸಿ. ನಡೆದುಹೋದರೆ ಮುಚ್ಚಿಡಬೇಡಿ, ಬೀದಿಯಲ್ಲಿ ಹರಾಜೂ ಹಾಕಬೇಡಿ. ಮೊದಲು ಮಕ್ಕಳಿಂದ ಮತ್ತು ಗಾಡಿಯಿಂದ ಅವರನ್ನು ದೂರವಿಡಿ, ಆಮೇಲೆ ಅವರ ಮಾತು ಕೇಳಿ, ತಪ್ಪಿನ ಅಳತೆಗೆ ಶಿಕ್ಷೆ ಕೊಡಿ, ಕುಡಿತ ಬಿಡಲು ದಾರಿಯನ್ನೂ ತೋರಿಸಿ. ನೀವು ತಂದೆ ತಾಯಿಯಾಗಿದ್ದರೆ, ಎಷ್ಟು ಕಪ್ ಗೆದ್ದಿದ್ದಾರೆ ಎಂದು ಕೇಳುವ ಮೊದಲು ಆ ಪತ್ರದಲ್ಲಿ ಏನಿದೆ ಎಂದು ಕೇಳಿ.

ಹಲಗೆಯ ಮೇಲೆ ಬರೆದಷ್ಟೂ ಮಕ್ಕಳು ನೀರಿನಿಂದ ಮೇಲೆ ಬರಬೇಕು. ಮೇಲೆ ಬಂದಷ್ಟೂ ಮಕ್ಕಳು ಮನೆ ಸೇರಬೇಕು. ಆ ಎಣಿಕೆಯಲ್ಲಿ ನಿಮ್ಮ ಮಗುವೂ ಇದೆ.